ಎಳೆಯ ಎದೆ, ಸಣ್ಣ ನೆಗಡಿ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳವರು ಸೇರಿರುವ ಈ ದತ್ತಿ ಉಪನ್ಯಾಸಕ್ಕೆ, ಸಾಹಿತ್ಯದವರು ನಿಲ್ಲುವ ಜಾಗದಲ್ಲಿ ಮಕ್ಕಳ ವೈದ್ಯನೊಬ್ಬನನ್ನು ನಿಲ್ಲಿಸಿದ್ದೀರಿ. ವಿಷಯವೂ ಕೆಮ್ಮು, ಕಫ, ಉಬ್ಬಸ. ದತ್ತಿಯ ಕರಾರಿನಲ್ಲಿ ‘ಜನರಿಗೆ ಉಪಯೋಗವಾಗುವ ವಿಷಯ’ ಎಂದು ಬರೆಸಿದ್ದಾರಂತೆ; ಅಷ್ಟರ ಮಟ್ಟಿಗೆ ನಾನು ಕರಾರು ಮೀರಿಲ್ಲ ಎಂದುಕೊಂಡು ಶುರು ಮಾಡುತ್ತೇನೆ.

2025ರ ಜನವರಿ 6, ಸೋಮವಾರ. ಬೆಂಗಳೂರಿನಲ್ಲಿ ಮೂರು ತಿಂಗಳ ಒಂದು ಹೆಣ್ಣು ಕೂಸು, ಎಂಟು ತಿಂಗಳ ಒಂದು ಗಂಡು ಕೂಸು, ಇಬ್ಬರಲ್ಲೂ ಎಚ್‌ಎಂಪಿವಿ ಎಂಬ ವೈರಸ್ ಪತ್ತೆಯಾಗಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಟಿಸಿತು. ಚೀನಾದ ಆಸ್ಪತ್ರೆಗಳು ತುಂಬಿ ಹೋಗಿವೆ ಎಂಬ ವಿಡಿಯೊಗಳು ಅದಕ್ಕೆ ಮೊದಲೇ ಮೊಬೈಲಿನಿಂದ ಮೊಬೈಲಿಗೆ ಹಾರಿದ್ದವು. ಅವತ್ತು ಷೇರುಪೇಟೆ ಬಿತ್ತು, ಟಿವಿಯವರು ಸಂಜೆವರೆಗೂ ಕೂಗಿದರು. ನನಗೆ ನೊಣವಿನಕೆರೆಯಿಂದ, ಹುಳಿಯಾರಿನಿಂದ, ಮಾಯಸಂದ್ರದಿಂದ ಒಂದೇ ಫೋನು: ‘ಮತ್ತೆ ಲಾಕ್‌ಡೌನ್ ಆಗ್ತದಾ ಡಾಕ್ಟ್ರೆ?’

ಆ ಪ್ರಕಟಣೆಯನ್ನು ಪೂರ್ತಿ ಓದಿದವರು ಕಡಿಮೆ. ಇಬ್ಬರೂ ಕೂಸುಗಳು ಹೊರದೇಶಕ್ಕೆ ಹೋಗಿ ಬಂದವರಲ್ಲ. ಇಬ್ಬರಿಗೂ ಬ್ರಾಂಕೋನ್ಯುಮೋನಿಯಾ ಇತ್ತು. ಉಸಿರಾಟದ ವೈರಸ್ಸುಗಳ ಮೇಲೆ ಕಣ್ಣಿಡುವ ಮಾಮೂಲು ತಪಾಸಣೆಯಲ್ಲಿ ಅದು ಸಿಕ್ಕಿತ್ತು. ಈ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಗುರುತಿಸಿದ ಮೇಲೆ ಅವರೊಂದು ಜಾಣ ಕೆಲಸ ಮಾಡಿದರು. 1950ರ ದಶಕದಿಂದ ಶೀತಪೆಟ್ಟಿಗೆಯಲ್ಲಿಟ್ಟಿದ್ದ ರಕ್ತದ ಮಾದರಿಗಳನ್ನು ತೆಗೆದು ನೋಡಿದರು. ಅವುಗಳಲ್ಲೂ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿದ್ದವು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗುಲಿ ಹೋಗಿರುತ್ತದೆ. ಎಂದರೆ, ಇಲ್ಲಿ ಕೂತಿರುವ ನಮಗೆಲ್ಲರಿಗೂ ಬಂದು ಹೋಗಿದೆ. ಆಗ ಅದಕ್ಕೆ ನೆಗಡಿ ಅಂದಿದ್ದೆವು. ಆ ಸೋಮವಾರ ಹೊಸದಾಗಿ ಬಂದಿದ್ದು ಪರೀಕ್ಷೆಯ ಫಲಿತಾಂಶವೊಂದೇ.

ಹೆದರಬೇಕಾಗಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ತಪ್ಪು ಕಡೆಗೆ ನೋಡಿ ಹೆದರಿದೆವು ಎನ್ನುತ್ತಿದ್ದೇನೆ. ಎಲ್ಲರೂ ವೈರಸ್ಸಿನ ಹೆಸರು ಕೇಳಿದರು. ಆ ಎರಡು ಕೂಸುಗಳಿಗೆ ನ್ಯುಮೋನಿಯಾ ಯಾಕೆ ಆಯಿತು, ಇಂಥ ಕೂಸುಗಳು ಪ್ರತಿ ವರ್ಷ ನಮ್ಮ ತಾಲ್ಲೂಕು ಆಸ್ಪತ್ರೆಗಳ ವಾರ್ಡಿನಲ್ಲಿ ಯಾಕೆ ಮಲಗಿರುತ್ತವೆ ಎಂದು ಯಾರೂ ಕೇಳಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತ.

ನ್ಯುಮೋನಿಯಾ ಎಂದರೆ ನಮ್ಮವರ ಮನಸ್ಸಿಗೆ ಬರುವುದು ‘ಎದೇಲಿ ಕಫ ಕಟ್ಟಿರೋದು’. ಅದು ಸುಳ್ಳಲ್ಲ. ಶ್ವಾಸಕೋಶದ ಕೊನೆಯ ಗಾಳಿಚೀಲಗಳಲ್ಲಿ ಉರಿಯೂತವಾಗಿ ನೀರು, ಕೀವು ತುಂಬಿ, ಆಮ್ಲಜನಕ ರಕ್ತಕ್ಕೆ ದಾಟದಂತಾಗುವುದೇ ನ್ಯುಮೋನಿಯಾ. ಆದರೆ ಎಳೆಗೂಸಿನ ಕಷ್ಟ ಗಾಳಿಚೀಲಕ್ಕಿಂತ ಸ್ವಲ್ಪ ಮೇಲೆ, ಅಲ್ಲಿಗೆ ಹೋಗುವ ಸಣ್ಣ ನಳಿಕೆಗಳಲ್ಲಿ ಶುರುವಾಗುತ್ತದೆ. ಒಂದು ಮಿಲಿಮೀಟರಿಗೂ ಸಣ್ಣ ನಳಿಕೆಗಳು. ವೈರಸ್ಸು ಅವುಗಳ ಒಳಪದರದ ಜೀವಕೋಶಕ್ಕೆ ನುಗ್ಗುತ್ತದೆ, ಕೋಶ ಊದಿಕೊಂಡು ಉದುರುತ್ತದೆ, ಲೋಳೆ ಸೇರಿ ಅಂಟಾಗುತ್ತದೆ. ನಳಿಕೆಯ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಗೆ ತಡೆ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಭೌತಶಾಸ್ತ್ರದ ಮೇಷ್ಟ್ರು ಯಾರಾದರೂ ಸಭೆಯಲ್ಲಿದ್ದರೆ ತಲೆಯಾಡಿಸುತ್ತಿರಬೇಕು. ಅದೇ ವೈರಸ್ಸು ಅಪ್ಪನಿಗೆ ಬಂದರೆ ಎರಡು ದಿನ ಮೂಗು ಸೋರುತ್ತದೆ. ಎರಡು ತಿಂಗಳ ಮಗನಿಗೆ ಬಂದರೆ ಆಮ್ಲಜನಕ ಬೇಕಾಗುತ್ತದೆ. ವೈರಸ್ ಒಂದೇ, ನಳಿಕೆಯ ಅಳತೆ ಬೇರೆ.

ನಾನು ಓದುವ ಕಾಲಕ್ಕೆ ಮಕ್ಕಳ ನ್ಯುಮೋನಿಯಾ ಎಂದರೆ ಬ್ಯಾಕ್ಟೀರಿಯಾ. ನ್ಯುಮೋಕಾಕಸ್, ಅದರ ಜೊತೆಗೆ ಹಿಬ್ ಎಂದು ಕರೆಯುವ ಹಿಮೋಫಿಲಸ್. ಈ ಹಿಮೋಫಿಲಸ್‌ದೂ ಒಂದು ಕಥೆ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಇದೇ ಫ್ಲೂ ಜ್ವರದ ಮೂಲ ಎಂದು ಸಾರಿದ. ಹಾಗಾಗಿ ಅದಕ್ಕೆ ಇನ್‌ಫ್ಲುಯೆಂಜೆ ಎಂಬ ಬಾಲ ಅಂಟಿತು. 1933ರಲ್ಲಿ ಲಂಡನ್ನಿನಲ್ಲಿ ನಿಜವಾದ ಫ್ಲೂ ವೈರಸ್ ಸಿಕ್ಕಮೇಲೂ ಬಾಲ ಬಿಡಲಿಲ್ಲ. ಫೈಫರ್ ಪೂರ್ತಿ ಕುರುಡನೇನೂ ಅಲ್ಲ. ರೋಗಿಯ ಗಂಟಲಲ್ಲಿ ಆ ಬ್ಯಾಕ್ಟೀರಿಯಾ ನಿಜವಾಗಿಯೂ ಇತ್ತು. 1918ರ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶಗಳನ್ನು ಬಹಳ ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಿದಾಗ, ಹೆಚ್ಚಿನವರಲ್ಲಿ ವೈರಸ್ಸಿನ ಹಿಂದೆಯೇ ಬ್ಯಾಕ್ಟೀರಿಯಾ ನುಗ್ಗಿ ನ್ಯುಮೋನಿಯಾ ಆಗಿದ್ದು ಕಂಡಿತು. ಮೊದಲು ಒಬ್ಬ, ಹಿಂದೆ ಇನ್ನೊಬ್ಬ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಲಸಿಕೆಗಳು ಬಂದವು. ಕರ್ನಾಟಕದ ಸರ್ಕಾರಿ ಲಸಿಕೆಯಲ್ಲಿ ಹಿಬ್ ಸೇರಿದ ಪೆಂಟಾವಲೆಂಟ್ 2013ರಲ್ಲಿ ಬಂತು. ದಡಾರ–ರುಬೆಲ್ಲಾ ಲಸಿಕೆ 2017ರ ಫೆಬ್ರುವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ನ್ಯುಮೋಕಾಕಸ್ಸಿನ ಪಿಸಿವಿ 2021ರಲ್ಲಿ ದೇಶಾದ್ಯಂತ ಉಚಿತವಾಯಿತು. ದಡಾರವೂ ಉಸಿರಿನ ಮೂಲಕ ಹರಡುವ ವೈರಸ್ಸೇ, ದಡಾರದ ಮಗು ಸಾಯುತ್ತಿದ್ದುದು ಬಹುಪಾಲು ನ್ಯುಮೋನಿಯಾದಿಂದಲೇ. ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪು ಕಟ್ಟಿ ಮಲಗಿಸಿದ್ದ ಮನೆಗಳನ್ನು ಕಂಡವರು ಇಲ್ಲಿ ಇದ್ದೀರಿ. ನಿಮ್ಮ ಮೊಮ್ಮಕ್ಕಳು ಅದನ್ನು ಕಾಣಲಿಲ್ಲ.

ಈ ದೊಡ್ಡ ಬ್ಯಾಕ್ಟೀರಿಯಾಗಳನ್ನು ಲಸಿಕೆ ಹಿಂದಕ್ಕೆ ಸರಿಸಿದ ಮೇಲೆ ಉಳಿದವರು ಯಾರು? ಉತ್ತರ ಹುಡುಕಲು ‘ಪರ್ಚ್’ ಎಂಬ ಅಧ್ಯಯನ ನಡೆಯಿತು. ಬಾಂಗ್ಲಾದೇಶ, ಥಾಯ್ಲೆಂಡ್, ಜೊತೆಗೆ ಆಫ್ರಿಕಾದ ಐದು ದೇಶ. 2011ರಿಂದ 2014ರವರೆಗೆ, ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 4,232 ಮಕ್ಕಳು. ಇಷ್ಟೇ ಆಗಿದ್ದರೆ ನಾನು ಅದರ ಮಾತೆತ್ತುತ್ತಿರಲಿಲ್ಲ. ಅವರು ಅದೇ ಊರುಗಳ, ನ್ಯುಮೋನಿಯಾ ಇಲ್ಲದ 5,119 ಮಕ್ಕಳ ಮೂಗನ್ನೂ ಒರೆಸಿ ನೋಡಿದರು. ಅಲ್ಲೇ ಇರುವುದು ಬುದ್ಧಿವಂತಿಕೆ. ಯಾಕೆಂದರೆ ಆಡಿಕೊಂಡಿರುವ ಮಗುವಿನ ಮೂಗಿನಲ್ಲೂ ವೈರಸ್ ಇರುತ್ತದೆ. ನೆಗಡಿಯ ರೈನೋವೈರಸ್ ರೋಗಿಯಲ್ಲೂ ಸಿಗುತ್ತದೆ, ಆರೋಗ್ಯವಂತನಲ್ಲೂ ಸಿಗುತ್ತದೆ. ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಅಪರಾಧಿ ಎನ್ನಲಾಗದು. ಹೀಗೆ ಎರಡು ಗುಂಪನ್ನೂ ತೂಗಿ ನೋಡಿದಾಗ, ಎಕ್ಸ್‌ರೇಯಲ್ಲಿ ಖಚಿತವಾದ, ಎಚ್‌ಐವಿ ಇಲ್ಲದ ಮಕ್ಕಳ ನ್ಯುಮೋನಿಯಾದಲ್ಲಿ ಸುಮಾರು ಶೇ 61 ವೈರಸ್ಸಿನದು, ಶೇ 27 ಬ್ಯಾಕ್ಟೀರಿಯಾದ್ದು ಎಂದು ಅಂದಾಜಾಯಿತು. ಒಟ್ಟು ಕಾಯಿಲೆಯಲ್ಲಿ ಒಂದೇ ವೈರಸ್ಸಿನ ಪಾಲು ಶೇ 31. ಅದರ ಹೆಸರು ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್, ಬಾಯಿಮಾತಿನಲ್ಲಿ ಆರ್‌ಎಸ್‌ವಿ. ಎಚ್‌ಎಂಪಿವಿ ಇದರ ದಾಯಾದಿ. ಟಿವಿಯಲ್ಲಿ ದಾಯಾದಿಯ ಹೆಸರು ಮನೆಮನೆಗೂ ಗೊತ್ತಾಯಿತು, ಯಜಮಾನನ ಹೆಸರು ಇವತ್ತಿಗೂ ಗೊತ್ತಿಲ್ಲ. 2019ರ ಒಂದೇ ವರ್ಷ ಐದು ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿಗೆ ಸಂಬಂಧಿಸಿದ ಸಾವು ಪ್ರಪಂಚದಲ್ಲಿ ಲಕ್ಷ ದಾಟಿತ್ತು, ಅದರಲ್ಲಿ ಸುಮಾರು 45,000 ಮಕ್ಕಳು ಆರು ತಿಂಗಳು ತುಂಬದವರು ಎಂಬ ಅಂದಾಜಿದೆ. ನೂರರಲ್ಲಿ 97 ಸಾವು ನಮ್ಮಂಥ ದೇಶಗಳದು.

ಹಾಗಾದರೆ ಆಂಟಿಬಯಾಟಿಕ್ ಯಾಕೆ ಕೊಡುತ್ತೀರಿ ಎಂದು ಕೇಳುವಿರಿ. ಸರಿಯಾದ ಪ್ರಶ್ನೆ. ನಮ್ಮ ಸೀಮೆಯಲ್ಲಿ ಅಟ್ಟದ ಮೇಲಿಂದ ಕಾಯಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಗಿಟುಕಿನ ಸದ್ದು ಕೇಳಿ ಒಳಗಿನ ಕೊಬ್ಬರಿ ಹೇಗಿದೆ ಎಂದು ಹೇಳುವವರಿದ್ದಾರೆ. ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಒಳಗಿರುವುದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಹಾಗೆ ಹೇಳುವ ವೈದ್ಯ ಇನ್ನೂ ಹುಟ್ಟಿಲ್ಲ. ಎಕ್ಸ್‌ರೇ ಹೇಳುವುದಿಲ್ಲ. ರಕ್ತಪರೀಕ್ಷೆಯೂ ಗಟ್ಟಿಯಾಗಿ ಹೇಳುವುದಿಲ್ಲ. ಮೂಗಿನ ದ್ರವದ ಪಿಸಿಆರ್ ಹೇಳಿದರೂ, ಈಗ ಹೇಳಿದ ಹಾಗೆ, ಅದು ಮೂಗಿನ ಸುದ್ದಿ, ಶ್ವಾಸಕೋಶದ್ದಲ್ಲ. ಆದ್ದರಿಂದ ಉಸಿರು ವೇಗವಾಗಿರುವ ಮಗುವಿಗೆ ಬಾಯಿಂದ ಅಮಾಕ್ಸಿಸಿಲಿನ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಯಾಕ್ಟೀರಿಯಾ ಇರುವ ಮಗು ತಪ್ಪಿ ಹೋಗಬಾರದು ಎಂಬ ಎಚ್ಚರ ಅದು.

ಆ ಎಚ್ಚರದ ಬೆಲೆ ಎಷ್ಟು ಎಂದು ಪಾಕಿಸ್ತಾನದವರು ಅಳೆದರು. ಕರಾಚಿಯ ಕೊಳೆಗೇರಿಗಳಲ್ಲಿ ಉಸಿರು ವೇಗವಾಗಿದ್ದ, ಆದರೆ ಪಕ್ಕೆ ಸೆಳೆತ (ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುವುದು) ಇಲ್ಲದ ಸುಮಾರು 4,000 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಅಮಾಕ್ಸಿಸಿಲಿನ್, ಇನ್ನರ್ಧಕ್ಕೆ ಔಷಧವಿಲ್ಲದ ಸಿಹಿ ದ್ರವ. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗೆ: ಔಷಧ ಕುಡಿದವರಲ್ಲಿ ಶೇ 2.6 ಮಕ್ಕಳಿಗೆ ಚಿಕಿತ್ಸೆ ಫಲಿಸಲಿಲ್ಲ, ಸಿಹಿ ದ್ರವ ಕುಡಿದವರಲ್ಲಿ ಶೇ 4.9. ಇದನ್ನು ಎರಡು ರೀತಿ ಓದಬಹುದು. ಔಷಧವಿಲ್ಲದೆಯೂ ನೂರಕ್ಕೆ 95 ಮಕ್ಕಳು ಚೇತರಿಸಿಕೊಂಡರು. ಹೆಚ್ಚಿನವು ವೈರಸ್ಸೇ ಇರಬೇಕು ಎಂಬುದಕ್ಕೆ ಇದೊಂದು ಸುಳಿವು. ಇನ್ನೊಂದು ಓದು: ಒಂದು ಮಗುವಿಗೆ ಚಿಕಿತ್ಸೆ ಫಲಿಸದೆ ಹೋಗುವುದನ್ನು ತಪ್ಪಿಸಲು ಸುಮಾರು 44 ಮಕ್ಕಳಿಗೆ ಔಷಧ ಕುಡಿಸಬೇಕು. ಆ ಒಂದು ಮಗು ಯಾವುದು ಎಂದು ಮೊದಲೇ ಗೊತ್ತಾಗುವುದಿಲ್ಲ. ನಾನು ಕೊಡುತ್ತೇನೆ. ಬಾಯಿಂದ ಕುಡಿಯುವ, ಅಗ್ಗದ, ಹಳೆಯ ಅಮಾಕ್ಸಿಸಿಲಿನ್ ಕೊಡುತ್ತೇನೆ. ಉಸಿರು ವೇಗವಾಗಿದ್ದರೆ ಮಾತ್ರ. ಬರೀ ಕೆಮ್ಮು ನೆಗಡಿಗೆ ಕೊಡುವುದಿಲ್ಲ, ಬೈಸಿಕೊಂಡರೂ ಕೊಡುವುದಿಲ್ಲ. ‘ಸ್ಟ್ರಾಂಗ್ ಆಗಿರೋದು ಬರೀರಿ’ ಎಂದು ಕೇಳುವವರಿಗೆ ನನ್ನದು ಒಂದೇ ಮಾತು: ವೈರಸ್ಸಿನ ಮುಂದೆ ಹತ್ತು ರೂಪಾಯಿಯ ಆಂಟಿಬಯಾಟಿಕ್ಕೂ ಸಾವಿರ ರೂಪಾಯಿಯದೂ ಒಂದೇ.

ಈಗ ಆಗ ಹೇಳಿದ ವೈರಸ್–ಬ್ಯಾಕ್ಟೀರಿಯಾ ಜೋಡಿಯ ವಿಚಾರ. ದಕ್ಷಿಣ ಆಫ್ರಿಕಾದ ಶಬೀರ್ ಮಾಧಿ ಮತ್ತು ಕೀತ್ ಕ್ಲುಗ್ಮನ್ 2004ರಲ್ಲಿ ಒಂದು ಸೊಗಸಾದ ಲೆಕ್ಕ ಮುಂದಿಟ್ಟರು. ಪಿಸಿವಿ ಎಂಬುದು ಬ್ಯಾಕ್ಟೀರಿಯಾದ ಲಸಿಕೆ. ವೈರಸ್ಸಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಆ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ, ವೈರಸ್ ಸಿಕ್ಕ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರುವುದು ಶೇ 31ರಷ್ಟು ಕಡಿಮೆಯಾಯಿತು. ವೈರಸ್ಸಿಗೆ ಏನೂ ಮಾಡದ ಲಸಿಕೆ ವೈರಸ್ ನ್ಯುಮೋನಿಯಾವನ್ನು ತಡೆಯಿತು ಎಂದರೆ ಅರ್ಥವೇನು? ನಾವು ವೈರಸ್ ಎಂದು ಬರೆದುಕೊಂಡ ಎಷ್ಟೋ ಕಾಯಿಲೆಗಳಲ್ಲಿ ನ್ಯುಮೋಕಾಕಸ್ಸೂ ಶಾಮೀಲಾಗಿತ್ತು. ವೈರಸ್ ನಳಿಕೆಯ ಒಳಪದರವನ್ನು ಕೆರೆದು ಹಾಕುತ್ತದೆ, ಮೂಗಿನಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾ ಆ ಗಾಯದಲ್ಲಿ ಬೇರೂರುತ್ತದೆ. ಹಾಗಾಗಿ ‘ಇದು ವೈರಲ್ಲು, ಲಸಿಕೆ ಯಾಕೆ’ ಎನ್ನುವ ಮಾತಿಗೆ ತಲೆಯೂ ಇಲ್ಲ ಬಾಲವೂ ಇಲ್ಲ. ಪಿಸಿವಿ ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಒಂಬತ್ತು ತಿಂಗಳದ್ದನ್ನು ನಮ್ಮ ಕಡೆ ಮರೆಯುವವರು ಹೆಚ್ಚು. ಮಗು ತೆವಳುತ್ತಾ ಚೆನ್ನಾಗಿದೆಯಲ್ಲ, ಹಬ್ಬ ಮುಗಿಯಲಿ ನೋಡೋಣ ಅನ್ನುವುದು.

ಇನ್ನು ನಮ್ಮ ಸೀಮೆಗೆ ಬರೋಣ. ಉತ್ತರ ಭಾರತದಲ್ಲಿ ಆರ್‌ಎಸ್‌ವಿ ಚಳಿಗಾಲದ ಕಾಯಿಲೆ. ದಕ್ಷಿಣದಲ್ಲಿ ಅದು ಮಳೆಯ ಜೊತೆ ಬರುತ್ತದೆ, ಚಳಿ ಬೀಳುವವರೆಗೂ ಇರುತ್ತದೆ. ನಮಗೆ ಮುಂಗಾರಿಗಿಂತ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಗಟ್ಟಿ. ಬಾಗಿಲು ಕಿಟಕಿ ಹಾಕಿಕೊಂಡು ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಮಲಗುವ ಕಾಲವೂ ಅದೇ. ಕೂಸಿಗೆ ವೈರಸ್ ತರುವುದು ಯಾರು? ಕೆನ್ಯಾದ ಕಿಲಿಫಿ ಎಂಬ ಹಳ್ಳಿಗಾಡಿನಲ್ಲಿ ಮನೆಮನೆಯಲ್ಲೂ ಎಲ್ಲರ ಮೂಗನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದರು. ಮನೆಯೊಳಗೆ ತಗುಲಿದ ಸೋಂಕಿನಲ್ಲಿ ಹೆಚ್ಚಿನ ಪಾಲು ತಂದವರು ಅಣ್ಣ ಅಕ್ಕಂದಿರು. ನಮ್ಮಲ್ಲೂ ಬೇರೆ ಇರಲಾರದು. ಅಂಗನವಾಡಿಯಿಂದ ಮೂಗು ಸುರಿಸಿಕೊಂಡು ಬಂದ ನಾಲ್ಕು ವರ್ಷದ ಹುಡುಗಿ ಮೊದಲು ಮಾಡುವ ಕೆಲಸವೇ ತಮ್ಮನ ಕೆನ್ನೆ ಹಿಂಡಿ ಮುತ್ತು ಕೊಡುವುದು. ಬೇಡ ಎನ್ನಲಾದೀತೆ? ಕೈ ತೊಳೆಸಬಹುದು.

ಕೈ ಎಂದೆ. ಅದರ ಹಿಂದೆ ಅಮೆರಿಕದ ಮಕ್ಕಳ ವೈದ್ಯೆ ಕ್ಯಾರೊಲಿನ್ ಹಾಲ್ ಅವರ ಪ್ರಯೋಗವಿದೆ, 1981ರಲ್ಲಿ ಪ್ರಕಟವಾದದ್ದು. ಆರ್‌ಎಸ್‌ವಿ ಬಂದ ಕೂಸುಗಳ ಹತ್ತಿರ ಮೂರು ಗುಂಪು ಸ್ವಯಂಸೇವಕರನ್ನು ಬಿಟ್ಟರು. ಮೊದಲಿನವರು ಕೂಸನ್ನು ಎತ್ತಿ ಮುದ್ದಾಡಿದರು: ಏಳು ಜನರಲ್ಲಿ ಐವರಿಗೆ ಸೋಂಕು. ಎರಡನೆಯವರು ಕೂಸನ್ನು ಮುಟ್ಟಲಿಲ್ಲ, ಅದರ ತೊಟ್ಟಿಲು, ಆಟಿಕೆ, ಕಂಬಿ ಮುಟ್ಟಿ ನಂತರ ಕಣ್ಣು ಮೂಗು ಒರೆಸಿಕೊಂಡರು: ಹತ್ತರಲ್ಲಿ ನಾಲ್ವರಿಗೆ. ಮೂರನೆಯವರು ಆರಡಿಗಿಂತ ದೂರ ಸುಮ್ಮನೆ ಕೂತಿದ್ದರು: ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಇಲ್ಲ. ಈ ವೈರಸ್ ಗಾಳಿಗಿಂತ ಹೆಚ್ಚಾಗಿ ಕೈಯಿಂದ, ಸಿಂಬಳದಿಂದ ದಾಟುತ್ತದೆ. ನಮ್ಮ ತೊಟ್ಟಿಲು ಶಾಸ್ತ್ರ ನೆನೆಸಿಕೊಳ್ಳಿ. ಬಂದವರೆಲ್ಲ ಕೂಸನ್ನು ಕೈಯಿಂದ ಕೈಗೆ ದಾಟಿಸಿ, ಗಲ್ಲ ಮುಟ್ಟಿ, ಕೊನೆಗೆ ಕೈಗೆ ದುಡ್ಡು ತುರುಕುತ್ತಾರೆ. ಹಿಂದಿನವರು ಬಾಣಂತಿ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಾರಣ ಮೈಲಿಗೆ ಅಂದರು, ಫಲ ಚೆನ್ನಾಗಿತ್ತು. ಆ ಕಟ್ಟಳೆಯನ್ನು ಹೀಗಳೆದು ಬಿಟ್ಟುಬಿಟ್ಟೆವು, ಈಗ ಒಂದು ತಿಂಗಳ ಕೂಸನ್ನು ಕಲ್ಯಾಣ ಮಂಟಪಕ್ಕೆ ಕರೆದೊಯ್ಯುತ್ತೇವೆ.

ಆದರೆ ಅದೇ ಬಾಣಂತಿ ಕೋಣೆಯ ಎರಡು ಪದ್ಧತಿಗಳನ್ನು ನಾನು ಒಪ್ಪಲಾರೆ. ಒಂದು, ಸ್ನಾನದ ಮೇಲೆ ಕರಟದ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂಸಿಗೆ ಹೊಗೆ ಹಿಡಿಯುವುದು. ಇನ್ನೊಂದು, ಮೂಗಿಗೆ, ಬಾಯಿಗೆ ಕೊಬ್ಬರಿ ಎಣ್ಣೆ ಬಿಡುವುದು. ಎರಡನೆಯದು ಕಡು ಕೆಟ್ಟದ್ದು. ನಮ್ಮ ಊರಿನ ಎಣ್ಣೆ, ಗಾಣದ ಎಣ್ಣೆ, ಶುದ್ಧ, ಒಪ್ಪುತ್ತೇನೆ. ಆದರೆ ನೀರು ಶ್ವಾಸನಾಳಕ್ಕೆ ತಾಗಿದರೆ ಕೆಮ್ಮು ಬರುತ್ತದೆ. ಎಣ್ಣೆ ಕೆಮ್ಮಿಸದೆ ನುಸುಳುತ್ತದೆ. ಶ್ವಾಸಕೋಶ ಅದನ್ನು ಹೊರಹಾಕಲಾರದು, ಜೀರ್ಣಿಸಲಾರದು. ದಕ್ಷಿಣ ಭಾರತದ ಕೂಸುಗಳ ಈ ಎಣ್ಣೆ ನ್ಯುಮೋನಿಯಾ 1970ರ ದಶಕದಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಇದಕ್ಕೆ ವೈರಸ್ಸೂ ಬೇಡ, ಬ್ಯಾಕ್ಟೀರಿಯಾವೂ ಬೇಡ. ಎಣ್ಣೆ ಮೈಗೆ ಹಚ್ಚಿ, ತಲೆಗೆ ತಟ್ಟಿ, ಸಾರಿಗೆ ಹಾಕಿ. ಮೂಗಿಗೆ ಮಾತ್ರ ಬೇಡ.

ಹೊಗೆಯ ಬಗ್ಗೆ ನೇರವಾಗಿ ಹೇಳಬೇಕು. ಸೋಗೆ, ಮಟ್ಟೆ, ಚಿಪ್ಪು ಪುಕ್ಕಟೆ ಸಿಗುವ ಸೀಮೆ ನಮ್ಮದು. ಅಡಿಗೆಗೆ ಸಿಲಿಂಡರ್ ಬಂದರೂ ನೀರೊಲೆ ಇನ್ನೂ ಮಟ್ಟೆಯದೇ. ಹೊಗೆ ಕಡಿಮೆಯಾದರೆ ನ್ಯುಮೋನಿಯಾ ಕಡಿಮೆಯಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಅದನ್ನು ಪರೀಕ್ಷಿಸಲು ನಾಲ್ಕು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು, ನಮ್ಮ ದೇಶದ ಪಾಲು ಪಕ್ಕದ ತಮಿಳುನಾಡಿನಲ್ಲಿ. ಗರ್ಭಿಣಿಯರ ಮನೆಗೆ ಗ್ಯಾಸ್ ಒಲೆ, ಪುಕ್ಕಟೆ ಸಿಲಿಂಡರ್. ಮನೆಯ ಹೊಗೆ ಇಳಿಯಿತು. ಆದರೆ ಕೂಸುಗಳ ತೀವ್ರ ನ್ಯುಮೋನಿಯಾ ಗಮನಾರ್ಹವಾಗಿ ಇಳಿಯಲಿಲ್ಲ ಎಂದು 2024ರಲ್ಲಿ ವರದಿ ಬಂತು. ಹಾಗೆಂದು ಒಲೆಯ ಹೊಗೆಗೆ ನಾನು ಪ್ರಮಾಣಪತ್ರ ಕೊಡುತ್ತಿಲ್ಲ. ಅಮ್ಮನ ಶ್ವಾಸಕೋಶ, ಕಣ್ಣು ಯಾವುದಕ್ಕೂ ಅದು ಒಳ್ಳೆಯದಲ್ಲ. ಆದರೆ ಕಾಯಿಲೆಯ ಮೂಲ ವೈರಸ್ ಆಗಿದ್ದಾಗ ಒಲೆ ಬದಲಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಕೇಳುವುದಕ್ಕೆ ಹಿತವಾಗಿಲ್ಲ, ಇರುವುದು ಹೀಗೆ.

ಹಾಗಾದರೆ ಮನೆಯಲ್ಲಿ ನೋಡಬೇಕಾದ್ದು ಏನು? ಹುಳಿಯಾರು ಕಡೆಯ ಅಜ್ಜಿಯೊಬ್ಬರು ಚಿತ್ತೆ ಮಳೆಯಲ್ಲಿ ಮೊಮ್ಮಗನನ್ನು ತಂದಿದ್ದರು. ಕುಲಾವಿ, ಸ್ವೆಟರು, ಅದರ ಮೇಲೆ ಟವಲು, ಅದರ ಮೇಲೊಂದು ಕಂಬಳಿ. ‘ಎದೇಲಿ ಗೊರಗೊರ ಅಂತೈತೆ, ಹಾಲೇ ಮುಟ್ತಿಲ್ಲ, ಒಂದು ಸೂಜಿ ಚುಚ್ಚಿ ಸ್ವಾಮಿ.’ ಅಂಗಿ ಬಿಚ್ಚಿ ಎಂದೆ. ‘ಶೀತ ಆಯ್ತದೆ’ ಎಂದರು. ಬಿಚ್ಚಿದ ಮೇಲೆ ಸ್ಟೆತಸ್ಕೋಪ್ ಬೇಕಾಗಲಿಲ್ಲ. ಉಸಿರು ಎಳೆದಾಗಲೆಲ್ಲ ಹೊಟ್ಟೆ ಉಬ್ಬುತ್ತಿತ್ತು, ಪಕ್ಕೆಯ ಕೆಳಗಿನ ಅಂಚು ಒಳಕ್ಕೆ ಸೆಳೆದು ಗೆರೆ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಮೊಲೆಗೆ ಹಿಡಿದರೆ ಎರಡು ಗುಟುಕು ಚೀಪಿ ಬಿಡುತ್ತಿತ್ತು; ಉಸಿರಾಡಬೇಕೋ ಕುಡಿಯಬೇಕೋ, ಎರಡೂ ಆಗುವುದಿಲ್ಲ. ನಾಲ್ಕು ತಿಂಗಳ ಮಗು, ನಿಮಿಷಕ್ಕೆ 68 ಉಸಿರು. ಈ ಮಗುವಿಗೆ ಮುಖ್ಯವಾಗಿ ಬೇಕಾಗಿದ್ದು ಆಮ್ಲಜನಕ, ಮೂಗಿನ ಸಿಂಬಳ ತೆಗೆಯುವುದು, ಸ್ವಲ್ಪಸ್ವಲ್ಪವಾಗಿ ಹಾಲು. ಮೂರನೆಯ ದಿನಕ್ಕೆ ಪಕ್ಕೆ ಸೆಳೆತ ನಿಂತಿತು. ಅಜ್ಜಿಗೆ ಕೊನೆಗೂ ಸಮಾಧಾನವಿಲ್ಲ: ‘ಒಂದು ಸೂಜಿನೂ ಚುಚ್ಚಲಿಲ್ವಲ್ಲ?’

ಎಣಿಸುವುದನ್ನು ಎಲ್ಲರೂ ಕಲಿಯಬಹುದು. ಮಗು ಅಳದೆ, ಕುಡಿಯದೆ ಸುಮ್ಮನಿರುವಾಗ, ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಮುಟ್ಟಿದರೆ ಆಸ್ಪತ್ರೆಗೆ. ಪಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಈ ಅಂಕಿಗಳ ಹಿಂದೆ ನಮ್ಮ ಕಡೆಯವರ ಕೆಲಸವೂ ಇದೆ. ನಮ್ಮ ನೆರೆಯ ವೆಲ್ಲೂರಿನ ವೈದ್ಯರು 1988ರಲ್ಲಿ ಮಕ್ಕಳ ಉಸಿರು ಎಣಿಸಿ, ಎಣಿಕೆಯಿಂದಲೇ ಕಾಯಿಲೆಯನ್ನು ಹಿಡಿಯಬಹುದು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಅದನ್ನು ಹತ್ತರ ಮೇಲೆ ಎಣಿಸಲು ಬಾರದ ಸೂಲಗಿತ್ತಿಯರ ಕೈಗೂ ಕೊಟ್ಟರು. ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸು, ಮರಳು ಮುಗಿಯುವುದರೊಳಗೆ ಕೆಂಪು ಮಣಿ ಬಂದರೆ ನ್ಯುಮೋನಿಯಾ. ಅವರ ಹಳ್ಳಿಗಳಲ್ಲಿ ಮಕ್ಕಳ ನ್ಯುಮೋನಿಯಾ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. 1990ರಲ್ಲೇ ಇದು ಅಚ್ಚಾಗಿದೆ.

ಕೋವಿಡ್ ನಮ್ಮ ಆಶಾ ಕಾರ್ಯಕರ್ತೆಯರ ಕೈಗೆ ಆಕ್ಸಿಮೀಟರ್ ಕೊಟ್ಟು ಹೋಗಿದೆ. ಆದರೆ ಅದು ದೊಡ್ಡವರ ಬೆರಳಿನದು, ಕೂಸಿನ ಬೆರಳಿಗೆ ನಿಲ್ಲುವುದಿಲ್ಲ, ತಪ್ಪು ಅಂಕಿ ತೋರಿಸುತ್ತದೆ. ಕೂಸಿನ ಪಾದಕ್ಕೆ ಸುತ್ತುವ ಪ್ರೋಬ್ ಬೇರೆ ಇದೆ. ಆಮ್ಲಜನಕ ಶೇ 90ಕ್ಕಿಂತ ಇಳಿದಿದೆ ಎಂದು ಹಳ್ಳಿಯಲ್ಲೇ ಗೊತ್ತಾದರೆ ಅರ್ಧ ದಿನ ಉಳಿಯುತ್ತದೆ. ಆಮ್ಲಜನಕದ ಮುಂದಿನ ಹಂತಕ್ಕೂ ಬಡವರ ದಾರಿ ಇದೆ. ಢಾಕಾದ ವೈದ್ಯ ಮೊಹಮ್ಮದ್ ಜೋಬಾಯರ್ ಚಿಸ್ತಿ, ಖಾಲಿ ಶಾಂಪೂ ಬಾಟಲಿಗೆ ನೀರು ತುಂಬಿ, ಅದರೊಳಗೆ ಉಸಿರಿನ ನಳಿಕೆಯ ತುದಿ ಮುಳುಗಿಸಿ, ಗುಳ್ಳೆಗಳ ಒತ್ತಡದಿಂದಲೇ ಮಗುವಿನ ಗಾಳಿಚೀಲ ಮುಚ್ಚಿಹೋಗದಂತೆ ಮಾಡಿದರು. 2015ರ ಅವರ ಪ್ರಯೋಗದಲ್ಲಿ, ಮಾಮೂಲು ರೀತಿ ಆಮ್ಲಜನಕ ಪಡೆದವರಿಗಿಂತ ಈ ಬಾಟಲಿಯ ಮಕ್ಕಳಲ್ಲಿ ಸಾವು ಕಡಿಮೆಯಿತ್ತು. ನೋಡಿಕೊಳ್ಳಲು ನುರಿತ ದಾದಿಯರು ಬೇಕು, ಅದು ಬಾಟಲಿಗಿಂತ ದುಬಾರಿ.

ಕೆಮ್ಮಿನ ಸಿರಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದ ಮಕ್ಕಳ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬೇಡಿ ಎಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಮತ್ತೆ ಹೇಳಿತು. ವಿಷ ಇಲ್ಲದ ಸಿರಪ್ಪಿನಿಂದಲೂ ಎಳೆಯ ಮಕ್ಕಳ ವೈರಸ್ಸಿಗೆ ಪ್ರಯೋಜನವಿಲ್ಲ.

ಇನ್ನು ಆರ್‌ಎಸ್‌ವಿ ಲಸಿಕೆ. ಈ ವೈರಸ್ ಮೊದಲು ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಪ್ರಯೋಗಶಾಲೆಯ ನೆಗಡಿ ಹಿಡಿದ ಚಿಂಪಾಂಜಿಗಳಲ್ಲಿ. ಮರುವರ್ಷ ರಾಬರ್ಟ್ ಚಾನಕ್ ಅದನ್ನೇ ಕೂಸುಗಳಲ್ಲಿ ಕಂಡರು. 1966ರಲ್ಲಿ ವೈರಸ್ಸನ್ನು ಫಾರ್ಮಲಿನ್‌ನಲ್ಲಿ ಕೊಂದು ಲಸಿಕೆ ಮಾಡಿ ಮಕ್ಕಳಿಗೆ ಹಾಕಿದರು. ಮುಂದಿನ ಋತುವಿನಲ್ಲಿ ವೈರಸ್ ಬಂದಾಗ ಲಸಿಕೆ ಹಾಕಿದ ಮಕ್ಕಳೇ ಹೆಚ್ಚು ನರಳಿದರು, ಸೋಂಕು ತಗುಲಿದವರಲ್ಲಿ ನೂರಕ್ಕೆ 80ರಷ್ಟು ಆಸ್ಪತ್ರೆ ಸೇರಿದರು, ಎರಡು ಕೂಸುಗಳು ತೀರಿಕೊಂಡವು. ದಶಕಗಳ ಕಾಲ ಯಾರೂ ಆ ಕಡೆ ಕೈಹಾಕಲು ಧೈರ್ಯ ಮಾಡಲಿಲ್ಲ. ತಪ್ಪು ಎಲ್ಲಿತ್ತು ಎಂಬುದು 2013ರಲ್ಲಿ ಸ್ಪಷ್ಟವಾಯಿತು. ಜೀವಕೋಶದೊಂದಿಗೆ ಬೆಸೆದುಕೊಳ್ಳುವ ಮೊದಲು ವೈರಸ್ಸಿನ ಮೇಲಿನ ಪ್ರೋಟೀನಿಗೆ ಒಂದು ಆಕಾರ, ಬೆಸೆದ ಮೇಲೆ ಇನ್ನೊಂದು. ಹಳೆಯ ಲಸಿಕೆ ದೇಹಕ್ಕೆ ತೋರಿಸಿದ್ದು ಎರಡನೆಯದನ್ನು. ಮೊದಲಿನ ಆಕಾರವನ್ನು ಹಿಡಿದು ನಿಲ್ಲಿಸಿದ ಮೇಲೆ ಲಸಿಕೆ ಸಾಧ್ಯವಾಯಿತು, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಹಾಕುವುದು ಗರ್ಭಿಣಿಗೆ. ಅವಳ ರಕ್ತದ ಪ್ರತಿಕಾಯ ಹೊಕ್ಕುಳ ಬಳ್ಳಿಯ ಮೂಲಕ ಕೂಸಿಗೆ ಹೋಗುತ್ತದೆ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ತೀವ್ರ ಆರ್‌ಎಸ್‌ವಿ ಕಾಯಿಲೆಯನ್ನು ಅದು ಸುಮಾರು ಶೇ 82ರಷ್ಟು ತಡೆಯಿತು. ಇನ್ನೊಂದು ದಾರಿ, ಕೂಸಿಗೇ ಒಂದು ಸಲ ಕೊಡುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು. ಎರಡರಲ್ಲಿ ಒಂದನ್ನು ಎಲ್ಲ ದೇಶಗಳೂ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಶಿಫಾರಸು ಮಾಡಿದೆ.

ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇವೆರಡೂ ಇಲ್ಲ. ಬೆಲೆ ಹೆಚ್ಚು. ಪಿಸಿವಿಗೂ ಒಂದು ಕಾಲಕ್ಕೆ ಇದೇ ಮಾತು ಕೇಳಿದ್ದೆ. ತಿಪಟೂರಿನ ಔಷಧಿ ಅಂಗಡಿಯಲ್ಲಿ ಒಂದು ಡೋಸಿಗೆ ಸಾವಿರಾರು ರೂಪಾಯಿ ಕೊಟ್ಟು, ಐಸಿನ ಡಬ್ಬಿಯಲ್ಲಿ ತಂದು ಹಾಕಿಸಿಕೊಳ್ಳುತ್ತಿದ್ದವರು ನೌಕರದಾರರು, ಕೊಬ್ಬರಿ ಮಂಡಿಯವರು. ಕೂಲಿಯವರ ಮಕ್ಕಳಿಗೆ ಇರಲಿಲ್ಲ. 2020ರ ಕೊನೆಗೆ ಪುಣೆಯಲ್ಲಿ ನಮ್ಮದೇ ಅಗ್ಗದ ಪಿಸಿವಿ ತಯಾರಾಯಿತು, ಮರುವರ್ಷ ಅದೇ ಲಸಿಕೆ ದೇಶದ ಎಲ್ಲ ಆರೋಗ್ಯ ಕೇಂದ್ರಗಳಲ್ಲಿ ದುಡ್ಡಿಲ್ಲದೆ ಸಿಗತೊಡಗಿತು. ಅದರ ಹಿಂದೆ ಕಾರ್ಖಾನೆಯ ಜೊತೆಗೆ ಮಕ್ಕಳ ವೈದ್ಯರು ವರ್ಷಗಟ್ಟಲೆ ಬರೆದ ಅರ್ಜಿಗಳೂ, ವಿಧಾನಸಭೆ ಲೋಕಸಭೆಗಳಲ್ಲಿ ಕೇಳಿದ ಪ್ರಶ್ನೆಗಳೂ ಇದ್ದವು. ನಮ್ಮ ಮೂರು ತಾಲ್ಲೂಕಿನ ಶಾಸಕರನ್ನು ಕೊಬ್ಬರಿಯ ಬೆಂಬಲ ಬೆಲೆಗೆ ಎಷ್ಟು ಸಲ ಕಂಡಿದ್ದೀರಿ ಎಂಬುದು ನನಗೆ ಗೊತ್ತು. ಮುಂದಿನ ಸಲ ಹೋಗುವಾಗ ಆ ಅರ್ಜಿಯಲ್ಲಿ ಇನ್ನೆರಡು ಸಾಲು ಸೇರಿಸಿ: ಕೂಸಿನ ಪಾದಕ್ಕೆ ಸುತ್ತುವ ಆಕ್ಸಿಮೀಟರ್ ಪ್ರೋಬು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮತ್ತು ತಾಯಿ ಕಾರ್ಡಿನಲ್ಲಿ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದಿನ ಕೆಳಗೆ ಆರ್‌ಎಸ್‌ವಿಗೆ ಒಂದು ಖಾನೆ.